ಬಂಗಲೆಯ ಹುಡುಗ ವಠಾರಕ್ಕೆ ಬಂದ ಪುಟ

"…ಅದಕ್ಕೇ ನಾನೂ ಬುಡ್ಲಿಲ್ಲ. ಬುಕ್ಕಲ್ಲೇ ಬರ್ದವ್ರೆ ಸ್ವಾಮಿ, ಅಚ್ಚಾಗೈತೆ, ಬೇಕಾದ್ರೆ ತಂದು ಓದುಸ್ತೀನಿ ಅಂದ್ಬುಟ್ಟೆ."

"ಯಾವ ಬುಕ್ಕು ಪುಟ್ಟಕ್ಕ?" ಎಂದು ಕೇಳುವಾಗಲೇ ಕೊಲ್ಲಾಪುರಮ್ಮನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೆ ಹೋಗದೆ ನಡುವೆ ನಿಂತಿತ್ತು.

"ಅದೇ ಕಣೇ, ನೀನು ಓದಿದ್ದು. ಬಂಗ್ಲೆ ಹುಡುಗ ಹೂ ಮಾರೋ ಹುಡುಗಿ ವಠಾರಕ್ಕೆ ಬಂದು ಒಂದು ತಿಂಗ್ಳು ನಲ್ಲಿ ನೀರು ಹಿಡೀತಾನಲ್ಲ, ಆ ಬುಕ್ಕು."

"ಅದನ್ನ ಮುದ್ದಯ್ಯನೋರ್ಗೆ ಹೇಳ್ದ್ಯಾ?"

"ಹೇಳ್ದೆ. ಭಾನುವಾರ ಗುಬ್ಬಿಗೆ ತಗೊಂಬನ್ನಿ, ಅಚ್ಚಾಗಿರೋದು ನಿಜ ಆದ್ರೆ ನಾನು ಎರಡ್ನೇ ಮಾತಾಡಲ್ಲ ಅಂದವ್ರೆ. ನೀನೇ ಬಂದು ಓದ್ಬೇಕು."

ಕೊಲ್ಲಾಪುರಮ್ಮ ಲೋಟ ಕೆಳಗಿಟ್ಟಳು. ತುಮಕೂರಿನ ಉಪ್ಪಾರಹಳ್ಳಿಯ ಆ ಊದುಬತ್ತಿ ಶೆಡ್ಡಿಗೆ ಮಿಕ್ಕ ಹೆಂಗಸರು ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಅವಳ ಮುಖ ನೋಡಿ ಯಾರಾದರೂ ಏನಾಯ್ತು ಅಂತ ಕೇಳಿಯೇ ಬಿಡುತ್ತಿದ್ದರು. ಆಗಿದ್ದಿಷ್ಟೇ. ಪುಟ್ಟತಾಯಮ್ಮ ಹೇಳುತ್ತಿದ್ದ ಆ ನೀಲಿ ರಟ್ಟಿನ ಕಾದಂಬರಿಯಲ್ಲಿ ಬಂಗಲೆಯ ಹುಡುಗ ಯಾವ ವಠಾರಕ್ಕೂ ಬರುವುದಿಲ್ಲ. ನಲ್ಲಿಯ ಹತ್ತಿರವಂತೂ ಸುಳಿಯುವುದೇ ಇಲ್ಲ. ಅದು ಕೊಲ್ಲಾಪುರಮ್ಮ ತಾನಾಗಿ ಸೇರಿಸಿ ಓದಿದ್ದು.

"ಅಂದ್ರೆ ನಮ್ಮ ರಂಗಿ ಮದ್ವೆ ಈಗ ಆ ಬುಕ್ಕಿನ ಮೇಲೆ ನಿಂತೈತೆ ಅನ್ನು," ಅಂದಳು.

"ನಿಂತೈತೆ," ಎಂದು ಪುಟ್ಟತಾಯಮ್ಮ ಕಲಸಿದ ಕಪ್ಪು ಹಿಟ್ಟನ್ನು ಮಣೆಯ ಮೇಲೆ ಎಳೆದುಕೊಂಡು ಆರಾಮಾಗಿ ಕೂತಳು. "ಅದಕ್ಕೇ ನಂಗೆ ಚೆಂದಾಗಿ ನಿದ್ದೆ ಬಂತು. ಬೇರೆ ಯಾತರ ಮೇಲಾದ್ರೂ ನಿಂತಿದ್ರೆ ಭಯ ಆಗ್ತಿತ್ತು."

ರಂಗಿ ಎಂದರೆ ಪುಟ್ಟತಾಯಮ್ಮನ ಒಬ್ಬಳೇ ಮಗಳು ರಂಗಮ್ಮ. ಅಂತರಸನಹಳ್ಳಿಯಲ್ಲಿ ಬಲ್ಬು ಜೋಡಿಸುವ ಫ್ಯಾಕ್ಟರಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದಳು. ಗುಬ್ಬಿಯ ರೈಸ್ ಮಿಲ್ಲಿನ ಮುದ್ದಯ್ಯನವರ ಮಗ ಗಂಗಹನುಮಯ್ಯ ಮಿಲ್ಲಿನ ಸ್ಪೇರ್ ಪಾರ್ಟ್ಸಿಗೆಂದು ಶಿರಾ ಗೇಟಿಗೆ ಮೋಟಾರ್ ಬೈಕಿನಲ್ಲಿ ಬರುವವನು, ಒಂದು ದಿನ ಬೈಕು ಕೆಟ್ಟು ಅದೇ ಬಸ್ಸು ಹತ್ತಿದ. ಆಮೇಲೆ ಬೈಕು ರಿಪೇರಿಯಾದರೂ ಅವನು ಬಸ್ಸು ಬಿಡಲಿಲ್ಲ. ಬೈಕನ್ನು ಅಂಗಡಿ ಮುಂದೆ ನಿಲ್ಲಿಸಿ, ಟಿಕೆಟ್ ತಗೊಂಡು, ನಿಂತುಕೊಂಡೇ ಅಂತರಸನಹಳ್ಳಿವರೆಗೂ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದ. ಕಾದಂಬರಿಯಲ್ಲೂ ಇಂಥ ಹುಡುಗ ಸಿಗುವುದು ಕಷ್ಟ.

ಕುಲ ಒಂದೇ. ಅಂತಸ್ತು ಮಾತ್ರ ಅಜಗಜಾಂತರ. ಮಗನ ಹಟಕ್ಕೆ ಸೋತು ಮುದ್ದಯ್ಯ ಖುದ್ದಾಗಿ ಬಂದು, ಪಕ್ಕದ ಮನೆಯಿಂದ ತರಿಸಿದ ಕುರ್ಚಿಯ ಮೇಲೆ ಕೂತು, ಹುಡುಗಿ ಮೊದಲು ಒಂದಷ್ಟು ದಿನ ಗುಬ್ಬಿಯಲ್ಲಿ ನಮ್ಮ ನೆಂಟರ ಮನೆಯಲ್ಲಿದ್ದು ದೊಡ್ಡ ಮನೆಯ ರೀತಿ ರಿವಾಜು ಕಲಿಯಲಿ, ಕಲಿತರೆ ನೋಡೋಣ, ಇಲ್ಲದಿದ್ದರೆ ಬೇಡ ಅಂದಿದ್ದರು. ಪುಟ್ಟತಾಯಮ್ಮನಿಗೆ ಅದು ಸರಿ ಕಾಣಲಿಲ್ಲ. ನಮ್ಮ ಹುಡುಗಿ ನಿಮ್ಮ ಮನೆ ಕಲಿಯಬೇಕು, ನಿಮ್ಮ ಹುಡುಗ ನಮ್ಮ ಮನೆ ಕಲಿಯೋದು ಬೇಡವಾ ಎಂದು ಕೇಳಿ, ಪುರಾವೆಗೆ ಆ ಕಾದಂಬರಿ ಮುಂದಿಟ್ಟಳು. ಇನ್ನು ಮುದ್ದಯ್ಯನವರೋ, ಅಚ್ಚಾದ ಅಕ್ಷರ ಅಂದರೆ ಕೈ ಮುಗಿಯುವ ಮನುಷ್ಯ. ಪಂಚಾಂಗವಾಗಲಿ, ಪೇಪರಾಗಲಿ, ಗೊಬ್ಬರದ ಚೀಲದ ಮೇಲಿನ ಬರಹವಾಗಲಿ, ಅಚ್ಚಾಗಿದ್ದರೆ ಅದು ನಿಜ. ಹಾಗಾಗಿ ಪುಸ್ತಕ ತನ್ನಿ ಎಂದಿದ್ದರು.

ಕೊಲ್ಲಾಪುರಮ್ಮ ಹುಟ್ಟಿದ್ದು ಕುಣಿಗಲ್ಲಿನಲ್ಲಿ. ಅಪ್ಪ ರಂಗಯ್ಯನಿಗೆ ಕುದುರೆ ಫಾರಂನಲ್ಲಿ ಲಾಯದ ಕೆಲಸ. ಏಳನೇ ಕ್ಲಾಸಿಗೆ ಇಸ್ಕೂಲು ನಿಂತರೂ ಅವಳ ಓದು ನಿಲ್ಲಲಿಲ್ಲ. ಬೆಲ್ಲ ಕಟ್ಟಿಕೊಟ್ಟ ಪೇಪರು, ಗೋಡೆಯ ಪೋಸ್ಟರು, ಬಸ್ಸಿನ ಹಿಂದಿನ ಬೋರ್ಡು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಮೆಲ್ಲಗೆ ಓದುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಮದುವೆಯಾಗಿ ತುಮಕೂರಿಗೆ ಬಂದಾಗ ಗಂಡ ಕಾಳಯ್ಯ ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲುತ್ತಿದ್ದ. ಉಪ್ಪಾರಹಳ್ಳಿಯಲ್ಲಿ ಪುಟ್ಟತಾಯಮ್ಮ ಇದ್ದ ವಠಾರದಲ್ಲೇ ಮನೆ ಮಾಡಿ, ಅವಳು ಊದುಬತ್ತಿ ಹೊಸೆಯಲು ಸೇರಿದಳು.

ಮೊದಲ ಕಾದಂಬರಿ ತಂದವನೂ ಕಾಳಯ್ಯನೇ. ಶಿರಾ ಗೇಟಿನಲ್ಲಿ ಚನ್ನವೀರಯ್ಯ ಅನ್ನುವವರು ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇಟ್ಟಿದ್ದರು. ಕಾಳಯ್ಯ ಕೆಲಸ ಮುಗಿಸಿ ಬರುವಾಗ ಅಲ್ಲಿ ಇಳಿದು, ರಟ್ಟಿನ ಮೇಲಿನ ಜೋಡಿ ಯಾರ ಕಣ್ಣಿಗೂ ಬೀಳದ ಹಾಗೆ ಪುಸ್ತಕವನ್ನು ಊಟದ ಡಬ್ಬಿಯ ಚೀಲದಲ್ಲಿ ತಿರುಗಿಸಿ ಇಟ್ಟುಕೊಂಡು ಬರುತ್ತಿದ್ದ. ಹಾಗಾಗಿ ಉಪ್ಪಾರಹಳ್ಳಿಗೆ ಬಂದ ಪ್ರೇಮಕಥೆಗಳಿಗೆಲ್ಲ ಸ್ವಲ್ಪ ಹುಳಿ ಸಾರಿನ ವಾಸನೆ ಇರುತ್ತಿತ್ತು.

ಕೈ ತುಂಬ ಹಿಟ್ಟಿರುವಾಗ ಪುಸ್ತಕ ಹಿಡಿಯಲು ಆಗುವುದಿಲ್ಲ. ಅದಕ್ಕೆ ಶೆಡ್ಡಿನ ಹೆಂಗಸರು ಒಂದು ಪದ್ಧತಿ ಮಾಡಿಕೊಂಡರು. ಕೊಲ್ಲಾಪುರಮ್ಮ ಗೋಡೆಗೆ ಒರಗಿ ಗಟ್ಟಿಯಾಗಿ ಓದಬೇಕು, ಮಿಕ್ಕವರು ಹೊಸೆಯಬೇಕು, ಸಂಜೆ ಒಬ್ಬೊಬ್ಬರೂ ತಮ್ಮ ಕಡ್ಡಿಯಲ್ಲಿ ಒಂದೊಂದು ಹಿಡಿ ತೆಗೆದು ಅವಳ ತಟ್ಟೆಗೆ ಹಾಕಬೇಕು. ಕೂಲಿ ಕೊಡುವವನಿಗೆ ಲೆಕ್ಕ ಸರಿ ಇದ್ದರಾಯಿತು, ಯಾರ ಕೈ ಹೊಸೆಯಿತು ಅನ್ನುವುದು ಅವನಿಗೆ ಬೇಕಿಲ್ಲ.

ಕಥೆಗಳೆಲ್ಲ ಒಂದೇ ಜಾಡಿನವು. ಶ್ರೀಮಂತ ಹುಡುಗ, ಬಡ ಹುಡುಗಿ, ಕಾರಿನ ಚಕ್ರದಿಂದ ಸೀರೆಗೆ ಹಾರಿದ ಕೆಸರು, ಜಗಳ, ಪ್ರೀತಿ, ಬಂಗಲೆಯ ಮೆಟ್ಟಿಲ ಮೇಲೆ ನಿಂತು ಬೈಯುವ ತಾಯಿ. ಹೆಂಗಸರು ಹುಡುಗಿಯನ್ನು ತಮ್ಮ ಮನೆಯವಳೇ ಮಾಡಿಕೊಂಡಿರುತ್ತಿದ್ದರು. ಆದರೆ ಕೊನೆಗೆ ಹೋದರೆ ಪ್ರತಿ ಸಲ ಒಂದು ಮಚ್ಚೆ ಕಾದಿರುತ್ತಿತ್ತು. ಹುಡುಗಿಯ ತೋಳಿನ ಮೇಲೆ ಒಂದು ಮಚ್ಚೆ, ಅದನ್ನು ನೋಡಿ ಯಾವುದೋ ಎಸ್ಟೇಟಿನ ಯಜಮಾನ ಎದೆ ಹಿಡಿದುಕೊಂಡು ಕೂರುತ್ತಾನೆ, ಇವಳು ಚಿಕ್ಕಂದಿನಲ್ಲಿ ಕಳೆದುಹೋದ ಅವನ ಮಗಳು. ಅಲ್ಲಿಗೆ ಬಂಗಲೆಯ ತಾಯಿ ಒಪ್ಪುತ್ತಾಳೆ, ಶುಭಂ.

ಮೊದಲ ಸಲ ಆ ಮಚ್ಚೆ ಎದುರಾದಾಗ ಕೊಲ್ಲಾಪುರಮ್ಮ ಪುಸ್ತಕದಿಂದ ತಲೆಯೆತ್ತಿ ನೋಡಿದಳು. ಜೊತೆಯ ನಿಂಗಮ್ಮ ಹೊಸೆಯುವುದನ್ನು ಬಿಟ್ಟು ಬಾಯಿ ತೆರೆದು ಕೂತಿದ್ದಳು. ಪುಟ್ಟತಾಯಮ್ಮನ ಕಣ್ಣು ತುಂಬಿತ್ತು. ಇಷ್ಟು ದಿನ ನಿಮ್ಮವಳು ಅಂದುಕೊಂಡಿದ್ದಿರಲ್ಲ, ಅವಳು ನಿಮ್ಮವಳಲ್ಲ, ಎಸ್ಟೇಟಿನವಳು ಎಂದು ಇವರಿಗೆ ಹೇಗೆ ಹೇಳುವುದು? ಅವಳಿಗೆ ಬರೆದವನ ಮೇಲೆ ಸಿಟ್ಟೇ ಬಂತು. ಕೊನೆಗೆ ಸಾಹುಕಾರನ ಮಗಳೇ ಮಾಡುವುದಿದ್ದರೆ ಇಷ್ಟೊಂದು ಪುಟದುದ್ದಕ್ಕೂ ನಮ್ಮನ್ನು ಯಾಕೆ ಅಳುವಂತೆ ಮಾಡಿದ? ಪುಟ ತಿರುವಿದಳು, ಗಂಟಲು ಸರಿ ಮಾಡಿಕೊಂಡಳು, ಮಚ್ಚೆಯನ್ನು ಹಾರಿ ಬಂಗಲೆಯ ಹುಡುಗನನ್ನು ಸೀದಾ ವಠಾರಕ್ಕೆ ಕರೆತಂದು ನಲ್ಲಿಯ ಮುಂದೆ ಕೊಡ ಹಿಡಿಸಿ ನಿಲ್ಲಿಸಿದಳು. ಅವತ್ತು ಶೆಡ್ಡಿನಲ್ಲಿ ಆದ ಸಂತೋಷ ನೋಡಬೇಕಿತ್ತು. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಯಾವ ಹುಡುಗಿಗೂ ಮಚ್ಚೆ ಇರಲಿಲ್ಲ.

ಭಾನುವಾರ ಹೊರಡುವ ಮುಂಚೆ ಕಾಳಯ್ಯನಿಗೆ ಮಾತ್ರ ವಿಷಯ ಹೇಳಿದಳು. ಅವನು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದವನು ಹಾಗೇ ತಿರುಗಿದ.

"ಅಲ್ಲಿ ಇಲ್ದೇ ಇರೋದನ್ನ ಹೆಂಗೆ ಓದೀಯೇ?"

"ಇಷ್ಟು ವರ್ಷ ಹೆಂಗೆ ಓದ್ದೆ, ಹಂಗೆ."

"ಶೆಡ್ಡೇ ಬೇರೆ, ಮಿಲ್ಲಿನೋರ ಮನೇನೇ ಬೇರೆ. ಪುಟ್ಟಕ್ಕಂಗೆ ಹೇಳ್ದ್ಯಾ?"

"ಪುಟ್ಟಕ್ಕಂಗೆ ಹೇಳಿದ್ರೆ ಗುಬ್ಬಿ ಬಸ್ ಸ್ಟ್ಯಾಂಡಲ್ಲೇ ಅವ್ಳ ಮುಖ ಎಲ್ಲಾನೂ ಹೇಳ್ಬುಡ್ತದೆ. ನೀನು ಗಡ್ಡ ಕೆರ್ಕೋ, ನಾನು ಬಂದೆ."

ಬಸ್ಸಿನಲ್ಲಿ ಪುಟ್ಟತಾಯಮ್ಮ ಕಿಟಕಿ ಪಕ್ಕ ಕೂತು ಮದುವೆ ಅಡಿಗೆಗೆ ಹೋಳಿಗೆಯೋ ಪಾಯಸವೋ ಎನ್ನುತ್ತಿದ್ದಳು. ಕೊಲ್ಲಾಪುರಮ್ಮನ ತೊಡೆಯ ಮೇಲೆ ಶಿರಾ ಗೇಟಿನಿಂದ ಮತ್ತೆ ಬಾಡಿಗೆಗೆ ತಂದ ಆ ನೀಲಿ ಪುಸ್ತಕವಿತ್ತು. ಅವಳಿಗೆ ಹೆದರಿಕೆ ಅಂತೇನೂ ಇರಲಿಲ್ಲ. ಓದುವಾಗ ತನ್ನ ಗಂಟಲನ್ನು ನಂಬದವರನ್ನು ಅವಳು ಇನ್ನೂ ಕಂಡಿರಲಿಲ್ಲ. ಒಂದೇ ಒಂದು ಡೌಟು. ಯಾರಾದರೂ ಪುಸ್ತಕ ಕೈಗೆ ತಗೊಂಡರೆ?

ಮುದ್ದಯ್ಯನವರದು ಮಿಲ್ಲಿಗೆ ಅಂಟಿಕೊಂಡ ದೊಡ್ಡ ಮನೆ. ನಡುಮನೆಯಲ್ಲಿ ಅವರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಈಗೀಗ ಪೇಪರನ್ನು ಹೆಂಡತಿಯೇ ಓದಿ ಹೇಳುತ್ತಿದ್ದರಂತೆ. ಆ ಹೆಂಡತಿ ಸಿದ್ದಲಕ್ಷ್ಮಮ್ಮ ಚಾಪೆಯ ಮೇಲೆ ಅವರೆಕಾಯಿ ರಾಶಿ ಸುರಿದುಕೊಂಡು ಸುಲಿಯುತ್ತಿದ್ದರು. ಮಗ ಗಂಗಹನುಮಯ್ಯ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು, ಪರೀಕ್ಷೆ ರಿಸಲ್ಟಿಗೆ ಕಾಯುವವನ ಹಾಗೆ ನಿಂತಿದ್ದ.

"ಬನ್ರಮ್ಮ, ಕೂತ್ಕೊಳಿ," ಎಂದರು ಮುದ್ದಯ್ಯ. "ಇದೇನಾ ಬುಕ್ಕು? ಓದಿ. ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ. ಅಚ್ಚಿನ ಮೊಳೆ ಜೋಡ್ಸೋನಿಗೆ ಸುಳ್ಳು ಜೋಡ್ಸಕಾಗ್ತದಾ?"

ಕೊಲ್ಲಾಪುರಮ್ಮ ಕೊನೆಯ ಭಾಗದ ಒಂದು ಪುಟ ತೆಗೆದಳು. ಬಂಗಲೆಯ ಜಗಳದವರೆಗೂ ಇದ್ದದ್ದನ್ನು ಇದ್ದ ಹಾಗೇ ಓದಿ, ಮಚ್ಚೆ ಬರುವ ಸಾಲಿಗೆ ಬಂದು, ಕಣ್ಣು ಮಿಟುಕಿಸದೆ ಹಾದಿ ಬದಲಿಸಿದಳು.

"'ಮುಂಜಾನೆಯ ಮಂದ ಬೆಳಕಿನಲ್ಲಿ ನಲ್ಲಿಯ ಮುಂದೆ ನಿಂತ ಕೊಡಗಳ ಸಾಲಿನಲ್ಲಿ ಅವನದೂ ಒಂದು ಕೊಡವಿತ್ತು. ರೇಷ್ಮೆಯಂಥ ಅವನ ಅಂಗೈಗೆ ತಾಮ್ರದ ಕೊಡದ ಕಂಠ ಒತ್ತಿ ಕೆಂಪಾಗಿತ್ತು. ಆದರೂ ಅವನ ಮುಖದಲ್ಲಿ ಹಿಂದೆಂದೂ ಕಾಣದ ಕಾಂತಿಯೊಂದು…'"

ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಕೊಲ್ಲಾಪುರಮ್ಮ ಓರೆಗಣ್ಣಿನಲ್ಲಿ ನೋಡಿದಳು. ಸಿದ್ದಲಕ್ಷ್ಮಮ್ಮ ಅವಳ ಮುಖವನ್ನಲ್ಲ, ಪುಸ್ತಕದ ರಟ್ಟನ್ನು ನೋಡುತ್ತಿದ್ದರು.

"ಒಂದ್ನಿಮಿಷ ನಿಲ್ಸಿ," ಅಂದರು. "ಪಾಪ, ಗಂಟಲು ಒಣಗೈತೆ. ಒಳಗೆ ಬನ್ನಿ, ನೀರು ಕುಡಿಯೋರಂತೆ."

ಅಡಿಗೆಮನೆಯಲ್ಲಿ ಅವರು ನೀರಿನ ಚೊಂಬು ಕೊಟ್ಟು ಬಾಗಿಲು ಮುಂದಕ್ಕೆ ಮಾಡಿದರು.

"ಮಚ್ಚೆ ಎಲ್ಲೋಯ್ತು?"

ಕೊಲ್ಲಾಪುರಮ್ಮ ಚೊಂಬಿನಿಂದ ಎರಡು ಗುಟುಕು ಕುಡಿದಳು. "ನೀವೂ ಓದಿದೀರಾ?"

"ಎರಡು ಸಲ. ಚನ್ನವೀರಯ್ಯ ಬಸ್ ಕಂಡಕ್ಟರ್ ಕೈಲಿ ವಾರಕ್ಕೊಂದು ಕಟ್ಟು ಕಳಿಸ್ತಾನೆ ನಂಗೆ. ಯಜಮಾನ್ರು ಮಿಲ್ಲಿಗೆ ಹೋದ್ಮೇಲೆ ಓದೋದು. ಈ ಬುಕ್ಕಲ್ಲಿ ಆ ಮಚ್ಚೆ ಕಂಡಾಗ ಅತ್ತಿದೀನಿ ಕಣಮ್ಮ ನಾನು. ನೀನು ಅದನ್ನೇ ತೆಗ್ದಾಕ್ಬುಟ್ಯಲ್ಲ."

"ಬೇಕಂತ್ಲೇ ತೆಗೆದೆ. ಅದು ಚೆನ್ನಾಗಿಲ್ಲ."

"ಚೆನ್ನಾಗಿಲ್ವಾ? ಮಚ್ಚೆ ಇಲ್ದಿದ್ರೆ ಆ ಬಂಗ್ಲೆ ತಾಯಿ ಒಪ್ತಿದ್ಲಾ?"

"ಯಾಕೆ ಒಪ್ತಿರ್ಲಿಲ್ಲ? ಬರ್ದೋನು ಆ ಯಮ್ಮಂಗೆ ಬರೀ ಬಾಯಿ ಕೊಟ್ಟವ್ನೆ, ಬುದ್ಧಿ ಕೊಟ್ಟಿಲ್ಲ. ಮಚ್ಚೆ ನೋಡಿ ಒಪ್ಪೋಳು ಹುಡುಗೀನ ಎಲ್ಲಿ ಒಪ್ಪಿದ್ಲು? ಎಸ್ಟೇಟ್ ಒಪ್ಪಿದ್ಲು."

ಸಿದ್ದಲಕ್ಷ್ಮಮ್ಮ ಒಲೆಯ ಪಕ್ಕದ ಕಟ್ಟೆಗೆ ಒರಗಿದರು. ಅವರಿಗೆ ಸಿಟ್ಟು ಬಂದಿದೆಯೋ ನಗು ಬರುತ್ತಿದೆಯೋ ಕೊಲ್ಲಾಪುರಮ್ಮನಿಗೆ ತಿಳಿಯಲಿಲ್ಲ. ಹೊರಗೆ ಪುಟ್ಟತಾಯಮ್ಮ ಮುದ್ದಯ್ಯನವರಿಗೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ವಿವರಿಸುತ್ತಿದ್ದಳು. ಈ ಯಮ್ಮ ಈಗ ಬಾಗಿಲು ತೆಗೆದು ಒಂದು ಮಾತು ಅಂದರೆ ರಂಗಿಯ ಮದುವೆ ಅಲ್ಲಿಗೇ ಮುಗಿದ ಹಾಗೆ.

"ಸರಿ, ನಿನ್ ಕಥೇಲಿ ಹುಡುಗನ ತಾಯಿ ಏನ್ ಮಾಡ್ತಾಳೆ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಶೆಡ್ಡಿನ ಯಾರೂ ಕೇಳಿರಲಿಲ್ಲ. ಕೊಲ್ಲಾಪುರಮ್ಮ ಹುಡುಗನನ್ನು ವಠಾರಕ್ಕೆ ಕರೆತರುತ್ತಿದ್ದಳು, ತಾಯಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು ಬರುತ್ತಿದ್ದಳು.

"ಅವ್ಳು… ಬಂಗ್ಲೇಲೇ ಇರ್ತಾಳೆ."

"ಸುಮ್ನೆ?"

"ಸುಮ್ನೆ."

"ಮಗ ಕೊಡ ಹಿಡ್ಕೊಂಡು ನಲ್ಲಿ ಮುಂದೆ ನಿಂತವ್ನೆ, ಹೆತ್ತೋಳು ಸುಮ್ನೆ ಕೂತವ್ಳೆ. ಅವ್ನು ಉಂಡ್ನೋ, ಚಳೀಗೆ ಏನು ಹೊದ್ಕೊಂಡ, ಆ ಹುಡುಗಿ ತಾಯಿ ಎಂಥೋಳು, ಏನೂ ಬೇಡ ಅವ್ಳಿಗೆ. ಬುದ್ಧಿ ಕೊಟ್ಟಿಲ್ಲ ಅಂತ ಬರ್ದೋನಿಗೆ ಬೈದ್ಯಲ್ಲ, ನೀನೇನ್ ಕೊಟ್ಟೆ?"

ಕೊಲ್ಲಾಪುರಮ್ಮನಿಗೆ ಬೇಜಾರಾಗಲಿಲ್ಲ, ಬದಲಿಗೆ ಎದೆಯೊಳಗೆ ಏನೋ ಸಂಭ್ರಮವಾಯಿತು. ಇಂಥ ಕೇಳುವವಳು ಇಷ್ಟು ದಿನ ಗುಬ್ಬಿಯಲ್ಲಿ ಕೂತಿದ್ದಳಲ್ಲ ಅನ್ನಿಸಿತು.

"ನೀವು ಹೇಳೋದು ನ್ಯಾಯ," ಅಂದಳು. "ಕೊಟ್ಟಿಲ್ಲ. ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಸಿದ್ದಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ತೆಗೆದರು. ನಡುಮನೆಗೆ ಬಂದು, "ಈ ಯಮ್ಮಂಗೆ ಗಂಟಲು ಕಟ್ಟೈತೆ, ಒಂಚೂರು ಹಿಂದ್ಲಿಂದ್ಲೇ ನಾನು ಓದ್ತೀನಿ," ಎಂದು ಪುಸ್ತಕಕ್ಕೆ ಕೈ ಚಾಚಿದರು.

ಕೊಲ್ಲಾಪುರಮ್ಮ ಕೊಟ್ಟಳು. ಬೇರೇನು ಮಾಡುವ ಹಾಗಿತ್ತು? ಚಾಪೆಯ ಮೇಲೆ ಕೂತು ಅವರು ಅರ್ಧಕ್ಕೆ ಬಿಟ್ಟಿದ್ದ ಅವರೆಕಾಯಿಗೆ ಕೈ ಹಾಕಿದಳು. ಸಿದ್ದಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಪುಟದ ಮೇಲೆ ಬೆರಳಾಡಿಸಿದರು.

"ನಲ್ಲೀದು ಐತೇನೇ ಅಲ್ಲಿ?" ಎಂದರು ಮುದ್ದಯ್ಯ.

"ಐತೆ ಅಂದ್ರೆ ಐತೆ. ಸುಮ್ನೆ ಕೇಳಿ." ಬೆರಳು ಮಚ್ಚೆಯ ಸಾಲಿನ ಮೇಲೇ ಹರಿಯುತ್ತಿತ್ತು. ಬಾಯಲ್ಲಿ ಬಂದದ್ದು ಬೇರೆ. "'ಸೋಮವಾರ ಬೆಳಿಗ್ಗೆ ಅವನು ಎರಡು ಜೊತೆ ಬಟ್ಟೆ ಮಾತ್ರ ತೆಗೆದುಕೊಂಡು ಹೊರಟನು. ವಾಹನವನ್ನು ಮನೆಯಲ್ಲಿಯೇ ಬಿಟ್ಟನು.'"

"ಎರಡೇ ಜೊತೆನಾ?" ಎಂದ ಬಾಗಿಲ ಹತ್ತಿರ ನಿಂತಿದ್ದ ಗಂಗಹನುಮಯ್ಯ.

"ಬುಕ್ಕಲ್ಲಿ ಹಂಗೈತಲೋ. 'ಲಗ್ನಕ್ಕೆ ಮುಂಚೆ ಹುಡುಗಿಯ ಮನೆಯಲ್ಲಿ ಉಳಿಯುವುದು ಮರ್ಯಾದೆಯಲ್ಲ. ಆದ್ದರಿಂದ ಅವನು ಅದೇ ವಠಾರದ ಇನ್ನೊಂದು ಮನೆಯಲ್ಲಿ, ದೊಡ್ಡ ಗಂಟಲಿನ ಹೆಂಗಸೊಬ್ಬಳ ಮನೆಯಲ್ಲಿ ಉಳಿದನು. ಅವಳು ಅವನಿಗೆ ಮುದ್ದೆ ನುಂಗುವುದನ್ನು ಕಲಿಸಿದಳು.'"

ಕೊಲ್ಲಾಪುರಮ್ಮನ ಬೆರಳ ನಡುವೆ ಒಂದು ಅವರೆಕಾಳು ಚಿಮ್ಮಿ ದೂರ ಬಿತ್ತು. ಕಾಳಯ್ಯನ ಸೋಪು ಮೆತ್ತಿದ ಮುಖ ಕಣ್ಣ ಮುಂದೆ ಬಂದು ಹೋಯಿತು.

"ಈ ಭಾಗ ನೀನು ಓದೇ ಇರ್ಲಿಲ್ಲ ನಮಗೆ," ಎಂದು ಪುಟ್ಟತಾಯಮ್ಮ ಅವಳ ಕಿವಿಯಲ್ಲಿ ಆಕ್ಷೇಪಣೆ ಮಾಡಿದಳು.

"ಬೇಗ ಮುಗಿಸೋಣ ಅಂತ ಬುಟ್ಟಿದ್ದೆ. ಕೇಳು."

"'ತಾಯಿ ಬಂಗಲೆಯಲ್ಲಿ ಸುಮ್ಮನೆ ಕೂರಲಿಲ್ಲ,'" ಸಿದ್ದಲಕ್ಷ್ಮಮ್ಮನ ದನಿ ಈಗ ಕಾದಂಬರಿಯ ದನಿಯಾಗಿರಲಿಲ್ಲ, ಮನೆಯ ದನಿಯಾಗಿತ್ತು, ಆದರೂ ಕಣ್ಣು ಪುಟ ಬಿಡಲಿಲ್ಲ. "'ವಾರ ತುಂಬುತ್ತಲೇ ಬಸ್ಸು ಹತ್ತಿ ವಠಾರಕ್ಕೆ ಬಂದಳು. ಮಗ ಏನು ಕಲಿತನೆಂದು ನೋಡಿದಳು. ಹುಡುಗಿಯ ತಾಯಿಯ ಪಕ್ಕದಲ್ಲಿ ಕುಳಿತು, ನನ್ನ ಮನೆಗೆ ಬರುವವಳು ನನ್ನ ಹಾಗಾಗುವುದು ಬೇಡ, ನನಗೆ ಜೊತೆಯಾದರೆ ಸಾಕು ಎಂದಳು. ತಿಂಗಳಾದ ಮೇಲೆ ಲಗ್ನ ಇಡಿಸಿದರು.'" ಪುಸ್ತಕ ಮುಚ್ಚಿದರು. "ಇಷ್ಟೇ. ಸಾಕಾ?"

ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದ್ದಯ್ಯ, "ಅಚ್ಚಾಗೈತೆ ಅಂದ್ಮೇಲೆ ನಂದೇನೈತೆ," ಎಂದರು. "ತಿಂಗ್ಳಾಗ್ಲಿ, ಲಗ್ನ ಇಡ್ಸೋಣ. ಲೇ ಗಂಗ, ನಾಳೆ ಮೊದಲ್ನೇ ಬಸ್ಸಿಗೆ ಹೊರಡು. ಬೈಕಿನ ಕೀಲಿ ಇಲ್ಲಿಟ್ಟೋಗು."

ಗಂಗ ಜೇಬಿನಿಂದ ಕೀಲಿ ತೆಗೆದು ಅಪ್ಪನ ಕೈಗಿಟ್ಟ. ಆಮೇಲೆ ತುಂಬ ಗಂಭೀರವಾಗಿ ಕೊಲ್ಲಾಪುರಮ್ಮನನ್ನು ಕೇಳಿದ. "ಅಕ್ಕ, ಮುದ್ದೇನ ನಮ್ಮನೇಲೂ ನುಂಗ್ತೀನಿ. ಬೇರೆ ಏನಾದ್ರೂ ಕಲ್ಸಿ."

"ಊದುಬತ್ತಿ ಹೊಸ್ಯದು ಕಲ್ಸ್ತೀನಿ. ಕೈ ಕರ್ರಗಾಗ್ತದೆ, ಪರ್ವಾಗಿಲ್ವಾ?"

"ನಾನು ಮಿಲ್ ಇಂಜಿನ್ನಿಗೆ ಗ್ರೀಸ್ ಹಾಕೋನು ಅಕ್ಕ."

ಅವರೆಕಾಳಿನ ಉಪ್ಪಿಟ್ಟು, ಮೇಲೊಂದು ಕಾಫಿ ಆಗಿ, ಹೊರಡುವಾಗ ಸಿದ್ದಲಕ್ಷ್ಮಮ್ಮ ಬೀದಿಯ ತಿರುವಿನವರೆಗೂ ಜೊತೆಗೆ ಬಂದರು. ಪುಟ್ಟತಾಯಮ್ಮ ಬಸ್ಸು ಬಂತೇನೋ ಎಂದು ಮುಂದೆ ಮುಂದೆ ಓಡುತ್ತಿದ್ದಳು. ಕೊಲ್ಲಾಪುರಮ್ಮ ದನಿ ತಗ್ಗಿಸಿ ಕೇಳಿದಳು.

"ಅಮ್ಮ, ಪೇಪರ್ನೂ ಹಿಂಗೇ ಓದಿ ಹೇಳ್ತೀರಾ ಯಜಮಾನ್ರಿಗೆ?"

"ಭತ್ತದ ರೇಟು ಮಾತ್ರ ಇದ್ದಂಗೇ ಓದ್ತೀನಿ. ಮಿಕ್ಕಿದ್ದು ನೀ ಕೇಳ್ಬೇಡ, ನಾ ಹೇಳಲ್ಲ."

"ಶೆಡ್ಡಲ್ಲಿ ಕಥೆ ಕೇಳೋಕೆ ಹೆಂಗಸ್ರು ಕಾದಿರ್ತಾರೆ. ಈಗ ಅವ್ರಿಗೂ ತಾಯಿ ವಠಾರಕ್ಕೆ ಬಂದಿದ್ದು ಹೇಳ್ಬೇಕು. ಬಂದೋಳು ಅಲ್ಲಿ ಏನೇನ್ ಮಾಡಿದ್ಲು ಅಂತ ನೀವು ಪೂರ್ತಿ ಓದ್ಲೇ ಇಲ್ಲ."

"ಅಲ್ಲಿಗೆ ಹೋಗ್ದೆ ನಂಗೆ ಹೆಂಗ್ ಗೊತ್ತಾಗ್ತದೆ? ಬರೋ ಭಾನುವಾರ ನಾನು ಉಪ್ಪಾರಹಳ್ಳಿಗೆ ಬರ್ತೀನಿ. ನಾ ಬರೋಗಂಟ ನೀನು ಮುಂದಕ್ಕೆ ಓದಕ್ಕೋಗ್ಬೇಡ."

"ನಲ್ಲಿ ಆರು ಗಂಟೆಗೇ ಬಂದ್ಬುಡ್ತದೆ," ಅಂದಳು ಕೊಲ್ಲಾಪುರಮ್ಮ, ಅಷ್ಟರಲ್ಲಿ ಬಸ್ಸು ಕಾಣಿಸಿ ಸೆರಗು ಸಿಗಿಸಿಕೊಳ್ಳುತ್ತ. "ಮೊದಲ್ನೇ ಬಸ್ಸಿಗೇ ಬಂದ್ರೆ ನಿಮ್ಮ ಮಗ ಕೊಡ ಹಿಡ್ಕೊಂಡು ನಿಂತಿರೋದು ಸಿಗ್ತದೆ. ಮಧ್ಯಾಹ್ನ ನಮ್ಮನೇಲೇ ಊಟ. ಸಂಜೆ ನಿಮ್ಮನ್ನ ಬಸ್ ಹತ್ಸೋಕೆ ಮುಂಚೆ ನಾನೇ ಶಿರಾ ಗೇಟಿಗೆ ಕರ್ಕೊಂಡೋಗ್ತೀನಿ, ಇಬ್ರೂ ಚನ್ನವೀರಯ್ಯನ ಹತ್ರ ಹೊಸ ಬುಕ್ಕು ಆರ್ಸ್ಕೊಳ್ಳೋಣ."